ಅಣ್ಣಯ್ಯಾ, ಮನೆ ಇದೆ!

ನಮ್ಮ ಮನೆಯಲ್ಲಿ ಸದ್ಯ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುತ್ತಿಲ್ಲ. ನಮ್ಮವರಿಗೆ ಮಗನ ಮೇಲೆ ಸಿಟ್ಟು, ಮಗನಿಗೆ ಅಜ್ಜನ ಮೇಲೆ, ಮಾವನಿಗೆ ತೀರ್ಥಹಳ್ಳಿ ಹತ್ತಿರದ ಊರಿನಲ್ಲಿರುವ ತಮ್ಮನ ಮೇಲೆ. ಅತ್ತೆಗೆ ಎಲ್ಲರ ಮೇಲೂ. ನಾನೊಬ್ಬಳು ಮಾತ್ರ ಆಗಾಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಹೊಟ್ಟೆ ತುಂಬ ನಕ್ಕು ಬರುತ್ತಿದ್ದೇನೆ. ಇಷ್ಟಕ್ಕೆಲ್ಲ ಕಾರಣ ಒಂದು ಲ್ಯಾಪ್‌ಟಾಪ್.

ಮಗರಾಯನಿಗೆ ಹದಿನೈದು. ವಿಮಾನ ಹಾರಿಸುವ ಆಟದ ಹುಚ್ಚು. 2024ರ ನವೆಂಬರಿನಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಆಡಬೇಕು, ಅದಕ್ಕೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಹಟ. ಆಟಕ್ಕೆ ಎಂಥ ಯಂತ್ರ ಬೇಕು ಅನ್ನುವುದನ್ನು ಅದನ್ನು ಮಾಡಿದವರೇ ಮೂರು ಸಾಲಾಗಿ ಪಟ್ಟಿ ಮಾಡಿದ್ದಾರೆ: ಕನಿಷ್ಠ, ಸೂಕ್ತ, ಉತ್ತಮೋತ್ತಮ. ಕನಿಷ್ಠಕ್ಕೆ 16 ಜಿಬಿ ರ‍್ಯಾಮ್, ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡು. ಸೂಕ್ತಕ್ಕೆ 32 ಜಿಬಿ, ಆರ್‌ಟಿಎಕ್ಸ್ 2080. ಉತ್ತಮೋತ್ತಮಕ್ಕೆ 64 ಜಿಬಿ, ಆರ್‌ಟಿಎಕ್ಸ್ 4080. ನಮ್ಮವರಿಗೆ ಮೊದಲನೆಯ ಸಾಲು ಬಿಟ್ಟು ಬೇರೆ ಕಾಣುವುದಿಲ್ಲ, ಮಗನಿಗೆ ಮೂರನೆಯದು ಬಿಟ್ಟು ಬೇರೆ ಕಾಣುವುದಿಲ್ಲ. ನಡುವಿನ ಸಾಲಿಗೆ ನಮ್ಮ ಮನೆಯಲ್ಲಿ ದಿಕ್ಕಿಲ್ಲ.

"970 ಬಂದಿದ್ದು 2014ರಲ್ಲಿ ಅಪ್ಪಾ!"

"ನಮ್ಮ ಕಾರು 2011ರದ್ದು. ಓಡ್ತಿಲ್ವಾ?"

ಇಂಥ ವಾದಕ್ಕೆ ಎದುರುತ್ತರ ಕೊಡುವ ಕನ್ನಡ ಮಗನಿಗೆ ಬರುವುದಿಲ್ಲ. ಆದರೆ ಹುಡುಗ ಕಿಲಾಡಿ. ಸೀದಾ ಹೋಗಿ ಅಜ್ಜನ ಪಕ್ಕ ಕೂತ.

ಮಾವನ ಸ್ಥಿತಿಯನ್ನೂ ಹೇಳಬೇಕು. ನ್ಯೂಜೆರ್ಸಿಯ ಜನವರಿ. ಥರ್ಮಲ್ ಅಂಗಿ, ಅದರ ಮೇಲೆ ಸ್ವೆಟರ್, ತಲೆಗೆ ಮಫ್ಲರ್ ಸುತ್ತಿಕೊಂಡು ಕಿಟಕಿಯ ಹತ್ತಿರ ಕೂತು, ಎದುರುಮನೆಯವನು ಹಿಮ ಬಾಚುವುದರಲ್ಲಿ ತಪ್ಪು ಹುಡುಕುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಊರಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆ. ತಾನಿಲ್ಲದೆ ನಡೆಯುತ್ತಿದೆ ಅನ್ನುವುದೇ ದೊಡ್ಡ ಸಂಕಟ. ಅಂಥವರ ಕಿವಿಯಲ್ಲಿ ಮೊಮ್ಮಗ, "ಅಜ್ಜಾ, ಈ ಆಟದಲ್ಲಿ ಇಡೀ ಭೂಮಿ ಇದೆ. ನಿಮ್ಮ ತೋಟಾನೂ ಇದೆ" ಅಂದ.

ಮಾವ ಮಫ್ಲರ್ ಬಿಚ್ಚಿದರು. ಅಲ್ಲಿಗೆ ನಮ್ಮವರ ಕತೆ ಮುಗಿಯಿತು.

ಆದರೂ ಸುಲಭಕ್ಕೆ ಸೋಲುವ ಕುಳವಲ್ಲ ಅವರು. ನ್ಯೂಜೆರ್ಸಿಯಲ್ಲಿ ಮಾರಾಟ ತೆರಿಗೆ 6.625 ಶೇಕಡಾ, ಪಕ್ಕದ ಡೆಲವೇರಿನಲ್ಲಿ ಸೊನ್ನೆ. ಹಾಗಾಗಿ ಡೆಲವೇರಿಗೇ ಹೋಗಿ ತರುವುದು ಅಂತಾಯಿತು. ಟರ್ನ್‌ಪೈಕಿನ ಟೋಲು, ಪೆಟ್ರೋಲು, ದಾರಿಯಲ್ಲಿ ಐದು ಜನರ ಕಾಫಿ ಎಲ್ಲ ಸೇರಿದರೆ ಉಳಿದ ನೂರು ಚಿಲ್ಲರೆ ಡಾಲರಿನಲ್ಲಿ ಎಷ್ಟು ಕೈಗೆ ಹತ್ತಿತು ಅಂತ ನಾನು ಕೇಳಲಿಲ್ಲ. ಸಂಸಾರ ಉಳಿಯಬೇಕಲ್ಲ. ಅತ್ತೆಯ ಪುಳಿಯೋಗರೆ ಡಬ್ಬಿಯಂತೂ ಲೆಕ್ಕಕ್ಕೇ ಬರಲಿಲ್ಲ.

ಅಂಗಡಿಯಲ್ಲಿ ಹುಡುಗ ಒಂದು ಹೊಸ ಸಮಸ್ಯೆ ತೆಗೆದ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿನ ಹೆಸರು ನಂಬಬಾರದಂತೆ. ಅದೇ ಆರ್‌ಟಿಎಕ್ಸ್ 4070, ಡೆಸ್ಕ್‌ಟಾಪಿಗಾದರೆ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿಗೆ 8. ಅದೂ ಸಾಲದು ಅಂತ, ತಯಾರಿಸುವವರು ಅದಕ್ಕೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ಬೇಕಾದರೂ ಕೊಡಬಹುದು. ತೆಳ್ಳಗಿನ ಲ್ಯಾಪ್‌ಟಾಪಿಗೆ ಬಿಸಿ ತಡೆಯುವುದಿಲ್ಲ, ಕಮ್ಮಿ ಕೊಡುತ್ತಾರೆ. ಹೆಸರು ಅದೇ, ಓಟ ಬೇರೆ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಿನಲ್ಲೇ ಇರುವ ನಮ್ಮವರು "ಹಾಗೆಲ್ಲ ಇರಲ್ಲ ಕಣೋ" ಅಂತ ತಲೆ ಕೊಡವಿದರು. ಮಾವ ಮಾತ್ರ ತಟ್ಟನೆ ಹಿಡಿದರು: "ಗೊತ್ತಾಯ್ತು ಬಿಡು. 5 ಎಚ್‌ಪಿ ಅಂತ ಬೋರ್ಡ್ ಬರ್ದು 3 ಎಚ್‌ಪಿ ಪಂಪ್‌ಸೆಟ್ ಮಾರೋದು. ಶಿವಮೊಗ್ಗದಲ್ಲಿ ನಂಗೊಬ್ಬ ಹೀಗೇ ಹಾಕಿದ್ದ."

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆದು, ಒಂದೊಂದು ಲ್ಯಾಪ್‌ಟಾಪಿಗೂ ಕಿವಿಯಿಟ್ಟು ಫ್ಯಾನಿನ ಸದ್ದು ಕೇಳಿದರು. ಅಡಿಯಲ್ಲಿ ಅಂಗೈ ಇಟ್ಟು ಬಿಸಿ ನೋಡಿದರು. ಮಾರುವ ಹುಡುಗನಿಗೆ ಸನ್ನೆಯಲ್ಲೇ "ವ್ಯಾಟ್? ವ್ಯಾಟ್?" ಅಂತ ಕೇಳಿದರು. ಅವನು "ವಾಟ್?" ಅಂದ. ಇದೇ ಮಾತು ಇಬ್ಬರ ನಡುವೆ ಎಷ್ಟೋ ಹೊತ್ತು ನಡೆಯಿತು. ಕೊನೆಗೆ 115 ವ್ಯಾಟಿನ 4070, 32 ಜಿಬಿ ರ‍್ಯಾಮಿನ, ದಪ್ಪಗೆ ಕರ‍್ರಗಿರುವ ಒಂದನ್ನು ಮಾವನೇ ಆರಿಸಿದರು. ದಿಕ್ಕಿಲ್ಲದ ನಡುವಿನ ಸಾಲಿಗೆ ಅಂತೂ ಒಬ್ಬ ಯಜಮಾನ ಸಿಕ್ಕ. ಚಾರ್ಜರಿನ ತೂಕ ನೋಡಿ ಅವರಿಗೆ ಭಾರಿ ಸಮಾಧಾನ. ಏಪ್ರಿಲಿನಲ್ಲಿ ಊರಿಗೆ ಒಯ್ಯಬಹುದೇ ಅಂತಲೂ ವಿಚಾರಿಸಿದರು. ಬ್ಯಾಟರಿ 100 ವ್ಯಾಟ್-ಅವರ್ ಮೀರದಿದ್ದರೆ ವಿಮಾನದಲ್ಲಿ ತಕರಾರಿಲ್ಲ, ಆದರೆ ಪ್ಲಗ್ ಹಾಕದೆ ಆಡಿದರೆ ಒಂದು ಗಂಟೆ ಬಾಳುವುದೂ ಕಷ್ಟ ಅಂದ ಮಗ. ಮಲೆನಾಡಿನ ಮಳೆಗಾಲದ ಕರೆಂಟು ನೆನಪಾಗಿ ಮಾವ ಆ ಯೋಚನೆ ಕೈಬಿಟ್ಟರು.

ಶನಿವಾರ ಸಂಜೆ ಬಜ್ಪೆಯಿಂದ ಹಾರಾಟ. ಗುಡ್ಡದ ತಲೆ ಕತ್ತರಿಸಿ ಮಾಡಿದ ರನ್‌ವೇ ಅದು. ಅಂಚು ದಾಟುತ್ತಿದ್ದ ಹಾಗೆ ನೆಲ ಕೆಳಗೆ ಬಿದ್ದುಹೋಯಿತು, ಅತ್ತೆ "ಅಯ್ಯಯ್ಯೋ" ಅಂತ ಸೋಫಾ ಹಿಡಿದುಕೊಂಡರು. ಹೇಗೂ ಹೊರಟಿದ್ದೇವೆ, ಕೊಲ್ಲೂರಿನ ಮೇಲೆ ಹೋಗಿ ಅಂತ ಅವರದೊಂದು ಬೇಡಿಕೆ. ಹೋದೆವು. ದೇವಸ್ಥಾನ ಇರಬೇಕಾದಲ್ಲಿ ಗೋದಾಮಿನಂಥದ್ದೇನೋ ಕಂಡಿತು. ಅತ್ತೆ ಅದಕ್ಕೇ ಕೈಮುಗಿದರು. ಮುಗಿದ ಕೈ ವಿಮಾನ ಘಟ್ಟ ಹತ್ತುವವರೆಗೂ ಇಳಿಯಲಿಲ್ಲ.

ತುಂಗೆ ಕಾಣಿಸಿದ್ದೇ ಮಾವನ ದನಿ ಬದಲಾಯಿತು. ಪರದೆಯ ಮೇಲೆ ಊರುಗಳ ಹೆಸರಿಲ್ಲ, ಬೋರ್ಡಿಲ್ಲ. "ಎಡಕ್ಕೆ ತಗೋ ಪುಟ್ಟಾ... ಹಾಂ, ಇನ್ನು ಹೊಳೆ ಬಿಡಬೇಡ... ಆ ತಿರುವು ಕಳೀಲಿ." ಮ್ಯಾಪಿಲ್ಲದೆ ಪಕ್ಕದ ಬೀದಿಗೂ ಹೋಗಲಾರದ ನನ್ನ ಮಗ ತುಟಿಪಿಟಕ್ಕೆನ್ನದೆ ಅಜ್ಜ ಹೇಳಿದಲ್ಲಿ ತಿರುಗಿಸಿದ. ನಮ್ಮವರೂ ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಬಿಲ್ಲಿನ ವಿಷಯ ಅವರಿಗೆ ಮರೆತೇಹೋಗಿತ್ತು ಅಂತ ಕಾಣುತ್ತದೆ.

"ಇಳಿಸು, ಇನ್ನೂ ಇಳಿಸು. ಅದೇ ನಮ್ಮನೆ!"

ಇಳಿಸಿದ. ಹೆಂಚಿನ ಮನೆ ಇರಬೇಕಾದಲ್ಲಿ ಬೂದು ಬಣ್ಣದ ಎರಡಂತಸ್ತಿನ ತಾರಸಿ ಮನೆ ನಿಂತಿತ್ತು. ಹಿಂದೆ ಅಡಿಕೆ ತೋಟದ ಜಾಗದಲ್ಲಿ ಗುಂಡು ತಲೆಯ ಯಾವುದೋ ಮರಗಳು.

ಮಾವ ಎದ್ದು ನಿಂತರು. "ಮನೆ ಕೆಡವಿದ್ದಾನೆ! ತೋಟ ಕಡಿದು ಅಕೇಶಿಯಾ ಹಾಕಿದ್ದಾನೆ! ಹಿಡಿ, ಫೋನ್ ಹಿಡಿ!"

ನಮಗೆ ಸಂಜೆ ಐದು, ಅಲ್ಲಿ ಬೆಳಗಿನ ಜಾವ ಮೂರೂವರೆ. ಆ ಹೊತ್ತಿನಲ್ಲಿ ಅಮೆರಿಕದಿಂದ ಫೋನು ಬಂದರೆ ಮಲೆನಾಡಿನಲ್ಲಿ ಅದಕ್ಕಿರುವುದು ಒಂದೇ ಅರ್ಥ. ಚಿಕ್ಕಮಾವ ಎತ್ತಿದವರೇ "ಯಾರು ಹೋದ್ರು?" ಅಂದರು.

"ಮನೆ ಎಲ್ಲೋ?"

"ಯಾವ ಮನೆ ಅಣ್ಣಯ್ಯಾ?"

"ನಮ್ಮನೆ! ನಾನು ಮೇಲಿಂದ ನೋಡ್ತಾ ಇದೀನಿ!"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮೇಲಿಂದ ನೋಡುತ್ತಿದ್ದೇನೆ ಅಂದದ್ದಕ್ಕೆ ಹೋದವರು ಯಾರು ಅನ್ನುವುದು ಚಿಕ್ಕಮಾವನಿಗೆ ಹೊಳೆದಿರಬೇಕು. ಆಮೇಲೆ ನಡುಗುವ ದನಿಯಲ್ಲಿ, "ಅಣ್ಣಯ್ಯಾ, ಮನೆ ಇದೆ. ನಾನು ಒಳಗೇ ಮಲಗಿದ್ದೆ."

"ಮಲಗಿದ್ದೆ ಸರಿ. ಎಂಥ ಮನೇಲಿ ಮಲಗಿದ್ದೆ? ಹೊರಗೆ ಹೋಗಿ ತೋರ್ಸು!"

ಪಾಪದ ಮನುಷ್ಯ, ಟಾರ್ಚ್ ಹಿಡಿದು ಅಂಗಳಕ್ಕೆ ಇಳಿದರು. ವಿಡಿಯೊ ಕಾಲಿನಲ್ಲಿ ಒಂದಿಷ್ಟು ಕತ್ತಲೆ, ಒಂದು ನಾಯಿ, ನಾಲ್ಕು ಹೆಂಚು, ಮತ್ತೆ ಕತ್ತಲೆ. ಪಕ್ಕದ ಮನೆಯವರೂ ಎದ್ದು ಬಂದರು. "ಅಡಿಕೆ ಮರ ತೋರ್ಸು" ಅಂದರು ಮಾವ. ಟಾರ್ಚು ತೋಟದ ಕಡೆ ತಿರುಗಿ ಒಂದು ಮರದ ಬುಡ ಕಾಣುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಮಗ ಪಾಪ ವಿವರಿಸಿ ವಿವರಿಸಿ ಸೋತ. ಉಪಗ್ರಹದ ಚಿತ್ರ ನೋಡಿ ಕಂಪ್ಯೂಟರೇ ಅಂದಾಜಿನ ಮೇಲೆ ಮನೆ ಕಟ್ಟುತ್ತದೆ, ಮರ ನೆಡುತ್ತದೆ. ಇದೇ ಆಟದ 2020ರ ಆವೃತ್ತಿಯಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯೇ ಆಫೀಸು ಕಟ್ಟಡವಾಗಿತ್ತು. ಯಾರೋ ನಕಾಶೆಯಲ್ಲಿ 2 ಅಂತಸ್ತು ಬರೆಯುವ ಬದಲು 212 ಅಂತ ಒತ್ತಿದ್ದಕ್ಕೆ ಮೆಲ್ಬರ್ನಿನ ಒಂದು ಬಡಾವಣೆಯಲ್ಲಿ ಮುಗಿಲು ಮುಟ್ಟುವ ಗೋಪುರ ಎದ್ದಿತ್ತು.

ಮಾವ ಎಲ್ಲ ಕೇಳಿಸಿಕೊಂಡು ಹೇಳಿದರು: "ರಾಣಿಗೂ ದಾಯಾದಿಗಳಿದ್ದಿರಬೇಕು."

ಮಾರನೆಯ ದಿನ ಚಿಕ್ಕಮಾವ ಹಗಲಲ್ಲೇ ಫೋಟೊ ತೆಗೆದು ಕಳಿಸಿದರು. ಹಳೆಯ ಫೋಟೊ ಅಂದರು ಮಾವ. ಮನೆಯ ಮುಂದೆ ಅವತ್ತಿನ ಪೇಪರು ಹಿಡಿದು ನಿಂತು ಇನ್ನೊಂದು ಕಳಿಸಿದರು. ಪೇಪರಿನ ತಾರೀಕು ಓದಲು ಬರುವುದಿಲ್ಲ ಅಂದರು. ಈಗ ದಿನಾ ಸಂಜೆ ಮಗ ಶಾಲೆಯಿಂದ ಬರುವ ಹೊತ್ತಿಗೆ ಲ್ಯಾಪ್‌ಟಾಪಿನ ಮುಂದೆ ಮಾವ ಕೂತಿರುತ್ತಾರೆ. ತೋಟದ ಮೇಲೆ ಗಸ್ತು. ಹಾರಿಸುವುದನ್ನೂ ಕಲಿತುಬಿಟ್ಟಿದ್ದಾರೆ, ಇಳಿಸುವುದೊಂದು ಬಾಕಿ.

ತೀರ್ಥಹಳ್ಳಿ ಕಡೆ ಹೋಗುವವರು ಯಾರಾದರೂ ಇದನ್ನು ಓದಿದರೆ ಒಂದು ಉಪಕಾರ ಮಾಡಿ. ನಮ್ಮ ಮನೆಯ ಮುಂದೆ ನಿಂತು ಹೆಂಚು, ಅಡಿಕೆ ಎರಡೂ ಕಾಣುವ ಹಾಗೆ ಒಂದು ಫೋಟೊ ತೆಗೆದು ಕಳಿಸಿ. ನಮ್ಮ ದಾಯಾದಿಗಳು ಮಾತ್ರ ದಯವಿಟ್ಟು ಬೇಡ.