ಅಪ್‌ಡೇಟ್ ಸರ್

ಅಪ್‌ಡೇಟ್ ಸರ್ ಎಂದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಊರಿಗೊಬ್ಬರಂತೆ ಸಿಗುವ, ಕಂಪ್ಯೂಟರಿನ ಯಾವ ಬೇನೆಗೂ ಡ್ರೈವರ್ ಒಂದೇ ಮದ್ದೆಂದು ನಂಬಿದ ವ್ಯಕ್ತಿ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೊರಳಲ್ಲಿ ಪೆನ್‌ಡ್ರೈವ್, ಜೇಬಿನಲ್ಲಿ ಪುಟ್ಟದೊಂದು ಸ್ಕ್ರೂಡ್ರೈವರ್. ಈ ಮೂರನೆಯದು ಜೇಬಿನಿಂದ ಹೊರಬಂದದ್ದನ್ನು ಕಂಡವರು ಕಡಿಮೆ. ಸೇಡಂನಿಂದ ಚಿತ್ತಾಪುರದ ಮೇಲೆ ವಾಡಿಗೆ ರೈಲಿನಲ್ಲಿ, ಅಲ್ಲಿ ಇಳಿದು ಶಹಾಬಾದಿಗೆ ಇನ್ನೊಂದು ರೈಲಿನಲ್ಲಿ, ರೈಲು ಮುಟ್ಟದ ಚಿಂಚೋಳಿಗೆ ಬಸ್ಸಿನಲ್ಲಿ ಇವರ ಸಂಚಾರ. ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್, ಸಹಕಾರ ಸಂಘದ ಕಚೇರಿ ಇವರ ಮೇವಿನ ತಾಣಗಳು.

ಡ್ರೈವರ್ ಎಂಬುದು ವಿಂಡೋಸ್‌ಗೂ ಪ್ರಿಂಟರ್, ಸ್ಕ್ಯಾನರ್, ವೈಫೈಗಳಿಗೂ ನಡುವೆ ನಿಂತ ದುಭಾಷಿ. ಕನ್ನಡ, ತೆಲುಗು, ಉರ್ದು, ಮರಾಠಿ ಎಲ್ಲದರಲ್ಲೂ ಚಹಾ ಮಾರಬಲ್ಲ ವಾಡಿ ಜಂಕ್ಷನ್ನಿನ ಹುಡುಗನ ಕೆಲಸವೇ ಅದರದೂ. ಆದರೆ ವಾಡಿ–ಸಿಕಂದರಾಬಾದ್ ಮಾರ್ಗ 1874ರಲ್ಲಿ ತೆರೆದ ಈ ಸೀಮೆಯಲ್ಲಿ ಡ್ರೈವರ್ ಎಂದರೆ ಮೊದಲು ರೈಲಿನವನು, ಆಮೇಲೆ ಸಿಮೆಂಟ್ ಲಾರಿಯವನು, ಫರ್ಸಿಕಲ್ಲಿನ ಲಾರಿಯವನು. ಆದ್ದರಿಂದಲೇ ಶಹಾಬಾದಿನಂಥ ಊರಿನ ಲಾರಿ ಮಾಲಕರು ಸರ್ ಕೆಲಸಕ್ಕೆ ಕುಳಿತಾಗ ಕೇಳುವ ಪ್ರಶ್ನೆ: "ಡ್ರೈವರ್ ಬದಲಿ ಮಾಡ್ಲತ್ತೀರಿ, ಖರೆ. ಕ್ಲೀನರ್ ಯಾರ್ರಿ?" ಸರ್ ನಗುವುದಿಲ್ಲ. ಪ್ರಶ್ನೆ ಮಾತ್ರ ಕಂಪ್ಯೂಟರ್ ವಿಜ್ಞಾನದ ದೃಷ್ಟಿಯಿಂದಲೂ ಸರಿಯಾದದ್ದು. ಸುಣ್ಣಕಲ್ಲು, ಸಿಮೆಂಟು, ಕಲ್ಲು ಕೊಯ್ಯುವ ಮಷಿನ್ನುಗಳ ನಡುವಿನ ಈ ಊರುಗಳಲ್ಲಿ ಪ್ರಿಂಟರ್ ಕಾಗದ ಎಳೆಯದಿದ್ದರೆ ಕಾಗದ ಹಿಡಿಯುವ ರಬ್ಬರ್ ಉರುಳೆಯ ಮೇಲೆ ಧೂಳು ಕೂತಿದೆಯೇ ಎಂದು ನೋಡುವುದು ಮೊದಲ ಕೆಲಸ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಸರ್ ಒರೆಸುವುದಿಲ್ಲ. ಕುರ್ಚಿ ಎಳೆದುಕೊಂಡು ಡಿವೈಸ್ ಮ್ಯಾನೇಜರ್ ತೆರೆಯುತ್ತಾರೆ. ಅಲ್ಲಿ ಹಳದಿ ಆಶ್ಚರ್ಯಚಿಹ್ನೆ ಸಿಕ್ಕರೆ ಹಬ್ಬ. ಸಿಗದಿದ್ದರೆ ತಾರೀಖು ನೋಡುತ್ತಾರೆ, ಮುಖ ಗಂಭೀರವಾಗುತ್ತದೆ. "ನೋಡ್ರಿ ಸಾವ್ಕಾರ್ರ, 2006ರ ಡ್ರೈವರ್ ಅದ. ಅವತ್ತಿಂದ ಇದರ ಮ್ಯಾಲೇ ನಡಸ್ಲತ್ತೀರಿ!" ಕಂಪ್ಯೂಟರ್ ಖರೀದಿಸಿ ಮೂರೇ ವರ್ಷವಾದ ಸಾಹುಕಾರರು ಕಂಗಾಲಾಗುತ್ತಾರೆ. ಸಂಗತಿ ಏನೆಂದರೆ, ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟಿನ ಡ್ರೈವರುಗಳಿಗೆಲ್ಲ 2006ರ ಜೂನ್ 21 ಎಂಬ ಒಂದೇ ತಾರೀಖನ್ನು ಬೇಕೆಂದೇ ಹಾಕಿರುತ್ತಾರೆ. ಒಂದು ಯಂತ್ರಕ್ಕೆ ಸಮನಾಗಿ ಹೊಂದುವ ಎರಡು ಡ್ರೈವರ್ ಇದ್ದರೆ ವಿಂಡೋಸ್ ಹೊಸ ತಾರೀಖಿನದನ್ನು ಆರಿಸುತ್ತದೆ. ಯಂತ್ರ ಮಾಡಿದ ಕಂಪನಿಯ ಡ್ರೈವರೇ ಗೆಲ್ಲಲಿ ಎಂದು ಮೈಕ್ರೋಸಾಫ್ಟ್ ತನ್ನದರ ವಯಸ್ಸು ಹೆಚ್ಚಿಸಿ ಬರೆಯುತ್ತದೆ. ಇಂಟೆಲ್ ಇನ್ನೂ ಮುಂದೆ ಹೋಗಿ ತನ್ನ ಚಿಪ್‌ಸೆಟ್ ಫೈಲುಗಳಿಗೆ ತಾನು ಹುಟ್ಟಿದ 1968ರ ಜುಲೈ 18ನ್ನೇ ಹಾಕಿತು. ಮೈಕ್ರೋಸಾಫ್ಟ್ ಹುಟ್ಟಿದ್ದು 1975ರಲ್ಲಿ. ಮೈಕ್ರೋಸಾಫ್ಟಿಗಿಂತ ಏಳು ವರ್ಷ ದೊಡ್ಡ ಡ್ರೈವರ್ ಕಂಡ ದಿನ ಸರ್ ಎರಡು ಚಹಾ ಕುಡಿಯುತ್ತಾರೆ.

ಚಿಕಿತ್ಸೆಗೆ ಅವರು ಆಶ್ರಯಿಸುವುದು ಪೆನ್‌ಡ್ರೈವಿನಲ್ಲಿರುವ ಪುಕ್ಕಟೆ ಪ್ರೋಗ್ರಾಮನ್ನು. ಅದು ಕಂಪ್ಯೂಟರನ್ನೆಲ್ಲ ಜಾಲಾಡಿ ಮೂವತ್ತು ನಲವತ್ತು ಡ್ರೈವರ್ ಹಳತಾಗಿವೆ ಎಂದು ಕೆಂಪಕ್ಷರದಲ್ಲಿ ಕೂಗುತ್ತದೆ. ಎಲ್ಲವನ್ನೂ ಹೊಸದು ಮಾಡುವಾಗ ಬೇಡದ ಬ್ರೌಸರ್, ಜಾಹೀರಾತು, ಒಮ್ಮೊಮ್ಮೆ ಸ್ಪೀಕರಿಗೆ ಮೂಕತನ, ಇವೂ ಪ್ರಸಾದವಾಗಿ ಬರುತ್ತವೆ. ಹಿಂದಿನ ಡ್ರೈವರಿಗೆ ಮರಳಲು ಅದೇ ಡಿವೈಸ್ ಮ್ಯಾನೇಜರಿನಲ್ಲಿ ರೋಲ್ ಬ್ಯಾಕ್ ಎಂಬ ಗುಂಡಿ ಉಂಟು. ಸರ್ ಅದನ್ನು ಒತ್ತುವುದಿಲ್ಲ. ಹಿಂದೆ ಹೋಗುವುದು ಅವರ ಜಾಯಮಾನವಲ್ಲ.

ಪ್ರಿಂಟರಿನ ಕೇಬಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದು ತಿಳಿದು ಅದೇ ಹೆಸರಿನ ಮುಂದೆ "ಕಾಪಿ 1" ಎಂದು ಇನ್ನೊಂದನ್ನು ಸೃಷ್ಟಿಸುವುದುಂಟು. ಕೊಟ್ಟ ಪ್ರಿಂಟುಗಳೆಲ್ಲ ಇಲ್ಲದ ಪ್ರಿಂಟರಿನ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಕೇಬಲನ್ನು ಹಳೆಯ ಕಿಂಡಿಗೆ ಹಾಕಿದರೆ ಮುಗಿಯಿತು. ಸರ್ ಬಂದು ಹೋದ ಅಂಗಡಿಯಲ್ಲಿ "ಕಾಪಿ 4" ತನಕ ಸಂತಾನ ಬೆಳೆದಿರುತ್ತದೆ.

ಇವರ ಶಾಸ್ತ್ರ ಪೂರ್ತಿ ಸೋಲುವುದು ಹೆಬ್ಬೆಟ್ಟಿನ ಮಷಿನ್ ಎದುರು. ಆಧಾರ್ ಬೆರಳಚ್ಚು ಯಂತ್ರಕ್ಕೆ ಡ್ರೈವರ್ ಬೇರೆ, ಆರ್‌ಡಿ ಸರ್ವಿಸ್ ಎಂಬ ಪ್ರೋಗ್ರಾಂ ಬೇರೆ. ಎರಡೂ ಸರಿಯಿದ್ದು ಯಂತ್ರ ನೋಂದಣಿಯಾಗಿರಬೇಕು. ಅಷ್ಟೆಲ್ಲ ಇದ್ದೂ, ಫರ್ಸಿ ಖಣಿಯಲ್ಲಿ ವರ್ಷಗಟ್ಟಲೆ ಕಲ್ಲು ಎತ್ತಿದವರ, ತೊಗರಿ ಕೊಯ್ದವರ ಬೆರಳಿನ ಗೆರೆ ಸವೆದಿದ್ದರೆ ಯಂತ್ರ ಓದುವುದಿಲ್ಲ. "ಡ್ರೈವರ್ ಹಳೇದಾಗ್ಯಾದ, ಆಯಿ" ಎನ್ನುತ್ತಾರೆ ಸರ್. "ನಾನೂ ಹಳೇದಾಗೀನಪ್ಪ" ಎಂದು ಆಯಿ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಡುತ್ತಾಳೆ. ಇಡೀ ಅಂಗಡಿಯಲ್ಲಿ ಒರೆಸುವ ಕೆಲಸ ಮಾಡುವವಳು ಅವಳೊಬ್ಬಳೇ.

ಅಪ್‌ಡೇಟ್ ನಿರರ್ಥಕವೆಂದು ಇದರರ್ಥವಲ್ಲ. 2021ರಲ್ಲಿ ವಿಂಡೋಸಿನ ಪ್ರಿಂಟ್ ಸ್ಪೂಲರಿನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ತೂತು ಕಂಡಾಗ ಅದನ್ನು ಮುಚ್ಚಿದ್ದು ಅಪ್‌ಡೇಟೇ. ವೈಫೈ ಪದೇಪದೇ ಕಡಿದರೆ, ಪರದೆ ಮಿಣುಕಿದರೆ ಕಂಪನಿಯ ತಾಣದಿಂದಲೋ ವಿಂಡೋಸ್ ಅಪ್‌ಡೇಟಿನಿಂದಲೋ ಆ ಒಂದು ಡ್ರೈವರನ್ನು ಹೊಸದು ಮಾಡಬೇಕು. ಸರಿಯಾಗಿ ನಡೆಯುವುದನ್ನು ಮುಟ್ಟದಿರುವುದು ವಾಡಿಕೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ದೋಷದ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ಕೆಟ್ಟ ಫೈಲನ್ನು ಓದಿ ಕುಸಿದದ್ದು ಒಂದು ಡ್ರೈವರ್. "ನಾ ಹೇಳಿದ್ನಲ್ರಿ, ಎಲ್ಲಾ ಡ್ರೈವರಿಂದೇ ಆಟ" ಎಂದು ಸರ್ ಬೀಗಿದರು. ಅಪ್‌ಡೇಟಿನ ಮಾತು ಎತ್ತಲಿಲ್ಲ.

ಈ ವರ್ಗ ಬೆಳೆಯಲು ಗಿರಾಕಿಯೂ ಕಾರಣ. ಧೂಳು ಒರೆಸಿದೆ ಎಂದರೆ ಯಾರೂ ದುಡ್ಡು ಬಿಚ್ಚುವುದಿಲ್ಲ; ಡ್ರೈವರ್ ಹಾಕಿದೆ ಎಂದರೆ ಇನ್ನೂರು ರೂಪಾಯಿ ಮರುಮಾತಿಲ್ಲದೆ ಬರುತ್ತದೆ. ಜಾಣ ಸರ್‌ಗಳು ಗುಟ್ಟಾಗಿ ಒರೆಸಿ, ಪರದೆಯ ಮೇಲೆ ಡ್ರೈವರ್ ಓಡಿಸುವುದೂ ಇದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇವರಿಗೆ ಸುಗ್ಗಿ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. 32 ಬಿಟ್ ಡ್ರೈವರ್ ಮಾತ್ರ ಇರುವ ಹಳೆಯ ಪ್ರಿಂಟರುಗಳಿಗೆ ಅಲ್ಲಿ ಜಾಗವಿಲ್ಲ. ಅಂಥ ಪ್ರಿಂಟರೊಂದನ್ನು ಬಗಲಲ್ಲಿಟ್ಟುಕೊಂಡು ಚಿಂಚೋಳಿ ಬಸ್ಸಿನಲ್ಲಿ ಕೂತ ಸರ್, ಮುಂದಿನ ಸೀಟಿನಿಂದ ಕಂಡಕ್ಟರ್ "ಡ್ರೈವರ್ ಬಂದಿಲ್ರಿ, ಇಳ್ದು ಚಾ ಕುಡೀರಿ" ಎಂದಾಗ ತಲೆ ಎತ್ತಿ ನೋಡುತ್ತಾರೆ.