ಮಾವನ ಇ-ವೀಸಾ

“ಮಾವ, ವಿಯೆಟ್ನಾಂ ವೀಸಾಗೆ ಕನ್ನಡಕ ತೆಗೆದ ಫೋಟೊ ಬೇಕು.”

“ಕನ್ನಡಕ ತೆಗೆದ್ರೆ ನಿಮ್ಮತ್ತೆಗೇ ನನ್ನ ಗುರುತು ಸಿಗಲ್ಲ, ಹನೋಯ್‌ನೋರಿಗೆ ಸಿಗುತ್ತಾ?”

“ಸರ್‌ನೇಮ್?”

“ಕೆ.”

“ಪೂರ್ತಿ ಹೇಳಿ.”

“ಕೆಂಚಪ್ಪ. ನಮ್ಮಪ್ಪ. ತೀರಿಕೊಂಡಿದ್ದಾರೆ, ಅವರಿಗೂ ವೀಸಾ ಬೇಕೇನೋ?”

“ಪಾಸ್‌ಪೋರ್ಟಲ್ಲಿ ಇದ್ದಂಗೇ ತುಂಬಬೇಕು ಮಾವ. ಅಲ್ಲಿ ಎಲ್ಲಿ ಇಳ್ಕೋತೀರಿ?”

“ವೀಸಾ ಬಂದ್ಮೇಲೆ ಹೋಟೆಲ್ ನೋಡೋಣ.”

“ತಂಗೋ ವಿಳಾಸ ಕೊಟ್ರೇನೇ ಅರ್ಜಿ ಮುಂದಕ್ಕೆ ಹೋಗೋದು.”

“ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ! ಇರಲಿ, ಈ ವೀಸಾ ಜಾಲತಾಣ ನೋಡು, ಬಾವುಟ, ಲಾಂಛನ ಎಲ್ಲಾ ಇದೆ. 80 ಡಾಲರ್ ಅಂತೆ.”

“ಅದು ದಲ್ಲಾಳಿದು. ಸರ್ಕಾರದ ಶುಲ್ಕ ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ ಇರಬಹುದು.”

“ವೀಸಾ ಕೊಡದಿದ್ರೆ?”

“25 ಡಾಲರ್ ಅವರಿಗೇ. ವಾಪಸ್ ಇಲ್ಲ.”