ಪರರ ಹಣದ ಪಾರುಪತ್ಯ

ನಿವೃತ್ತಿಯ ಅನಂತರ ಸುಮ್ಮನೆ ಕುಳಿತಿರಲಾರದೆ ಬಸವನಗುಡಿಯ ಓಣಿಯೊಂದರಲ್ಲಿ ಕೈಯಿಂದ ಕಡೆದ ಶಾಯಿಲೇಖನಿಗಳ ಪುಟ್ಟ ಅಂಗಡಿಯನ್ನು ತೆರೆದು, ವಹಿವಾಟು 40 ಲಕ್ಷವನ್ನು ಮೀರುವ ಯೋಗ ಏಳು ಜನ್ಮಕ್ಕೂ ಇಲ್ಲವೆಂದು ಬಲ್ಲವನಾಗಿಯೂ, ಸಗಟು ಗಿರಾಕಿಗಳು ಬಂದಾರೆಂಬ ಆಸೆಯಿಂದ ಜಿ.ಎಸ್.ಟಿ. ನೋಂದಣಿಯನ್ನು ಸ್ವೇಚ್ಛೆಯಿಂದಲೇ ಮಾಡಿಸಿಕೊಂಡ ದಿನ, ನಾನು ವರ್ತಕನ ಪದವಿಯಿಂದ ಜಾರಿ ಸರಕಾರದ ವೇತನರಹಿತ ಶಾನುಭೋಗನಾದೆನು. ನೂರು ರೂಪಾಯಿಯ ಲೇಖನಿಗೆ 18 ರೂಪಾಯಿ ತೆರಿಗೆ. ಅದರಲ್ಲಿ ಒಂಬತ್ತು ದಿಲ್ಲಿಗೆ, ಒಂಬತ್ತು ವಿಧಾನಸೌಧಕ್ಕೆ. ಗಿರಾಕಿಯ ಕೆಂಗಣ್ಣು ಮಾತ್ರ ಅವಿಭಾಜ್ಯವಾಗಿ ನನಗೆ.

“ಬಿಲ್ಲು ಬೇಡ, ತೆರಿಗೆ ಬಿಡಿ” ಎನ್ನುವ ಮಹನೀಯರೇ ಅಧಿಕ. ಬಿಲ್ಲನ್ನು ತ್ಯಜಿಸಿ ಕುಳಿತ ಪಾರ್ಥನಿಗೆ ಉಪದೇಶಿಸಲು ಹದಿನೆಂಟು ಅಧ್ಯಾಯಗಳು ಬೇಕಾದುವು. ಹದಿನೆಂಟು ರೂಪಾಯಿಗಾಗಿ ನಾನೂ ಅಷ್ಟೇ ಶ್ರಮಪಟ್ಟಿದ್ದೇನೆ. ಸಂಜೆ ಗಲ್ಲಾಪೆಟ್ಟಿಗೆ ತುಂಬಿದಂತೆ ಕಂಡು ಹಿಗ್ಗುತ್ತಿದ್ದ ನನಗೆ, ಅದರಲ್ಲೊಂದು ಪಾಲು ನನ್ನದಲ್ಲವೆಂಬುದನ್ನು ಜ್ಞಾಪಿಸುವ ಕಾರ್ಯವನ್ನು ಮನೆಯಾಕೆ ನಿಷ್ಕರುಣೆಯಿಂದ ನಿರ್ವಹಿಸುತ್ತಿದ್ದಳು.

ಮಳೆ ಹಿಡಿದ ಒಂದು ತಿಂಗಳು ಅಂಗಡಿಯತ್ತ ನೊಣವೂ ಸುಳಿಯಲಿಲ್ಲ. ಏನೂ ಮಾರಾಟವಾಗಲಿಲ್ಲವೆಂಬುದನ್ನು ಮರುತಿಂಗಳ 20ನೆಯ ತಾರೀಖಿನೊಳಗೆ ಅರಿಕೆಮಾಡಿಕೊಳ್ಳಲು ಮರೆತುದಕ್ಕಾಗಿ, ದಿನವೊಂದಕ್ಕೆ 20 ರೂಪಾಯಿಯಂತೆ ವಿಳಂಬಶುಲ್ಕ ತೆತ್ತೆನು. ಅಲ್ಲಮಪ್ರಭುವಿನ ಶೂನ್ಯಸಿಂಹಾಸನದ ನಾಡಿನಲ್ಲಿ ಶೂನ್ಯಕ್ಕೂ ಲೆಕ್ಕ ಕೇಳುವವರಿದ್ದಾರೆಂದು ನನಗೇನು ಗೊತ್ತು! ಆ ತಿಂಗಳಿನ ಬಾಬ್ತು ನನ್ನ ಅಂಗಡಿ ನಡೆಸಿದ ಏಕೈಕ ವ್ಯವಹಾರವೆಂದರೆ ಅದೇ.